ಪ್ರಶ್ನೆ ಬರೆಯುವವನ ಪರೀಕ್ಷೆ

(ಸಂಘದ ಉಪನ್ಯಾಸಮಾಲೆಯಲ್ಲಿ ಪುಣೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಮಾಲೆಯಲ್ಲಿ ಇದುವರೆಗೆ ಮಾತನಾಡಿದವರು ಬಹುಮಟ್ಟಿಗೆ ಸಾಹಿತಿಗಳು, ಇತಿಹಾಸಕಾರರು, ಶಾಸನಗಳನ್ನು ಓದಬಲ್ಲ ವಿದ್ವಾಂಸರು. ನಾನು ಆ ಪಂಕ್ತಿಗೆ ಸೇರಿದವನಲ್ಲ. ಎರಡು ತಿಂಗಳ ಹಿಂದೆ ಅಧ್ಯಕ್ಷರು ದೂರವಾಣಿಯಲ್ಲಿ ಮಾತನಾಡಿ, "ನೀವು ಮಾಡುವ ಕೆಲಸದ ಬಗ್ಗೆಯೇ ಹೇಳಿ. ನಮ್ಮ ಮಕ್ಕಳೆಲ್ಲ ಅದೇ ಕೆಲಸಕ್ಕೆ ಹೋಗುತ್ತಿದ್ದಾರೆ, ಅದು ಏನೆಂಬುದು ಮಾತ್ರ ನಮಗೆ ತಿಳಿದಿಲ್ಲ" ಎಂದರು. ಆ ಮಾತಿನಲ್ಲಿದ್ದ ಸಹಜ ಕುತೂಹಲ ನನಗೆ ಧೈರ್ಯ ಕೊಟ್ಟಿತು. ಪಾಂಡಿತ್ಯವಿಲ್ಲದವನಿಗೂ ತನ್ನ ಕಸುಬಿನ ಬಗ್ಗೆ ಮಾತನಾಡುವ ಅಧಿಕಾರವಿರುತ್ತದೆ ಎಂಬ ನಂಬಿಕೆಯಿಂದ ತಮ್ಮೆದುರು ನಿಂತಿದ್ದೇನೆ.

ನನ್ನ ವೃತ್ತಿಜೀವನದಲ್ಲಿ ಎರಡು ಭಾಗಗಳಿವೆ. ಮೊದಲ ಭಾಗದಲ್ಲಿ ನಾನು ಜಾಲತಾಣಗಳನ್ನು ಕಟ್ಟುತ್ತಿದ್ದೆ. ಎರಡನೆಯ ಭಾಗದಲ್ಲಿ, ಜಾಲತಾಣಗಳನ್ನು ಕಟ್ಟಲು ಬರುವ ತರುಣ ತರುಣಿಯರ ಕೌಶಲವನ್ನು ಅಳೆಯುವ ಪ್ರಶ್ನಪತ್ರಿಕೆಗಳನ್ನು ಬರೆಯುತ್ತಿದ್ದೇನೆ. ಈ ಎರಡನೆಯ ಕೆಲಸದಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಅದರಿಂದ ಕಲಿತದ್ದನ್ನೂ ಹೇಳುವುದೇ ಇಂದಿನ ಉಪನ್ಯಾಸದ ಉದ್ದೇಶ. ಆದರೆ ಆ ತಪ್ಪು ಅರ್ಥವಾಗಬೇಕಾದರೆ ಮೊದಲು ಕಸುಬಿನ ಪರಿಚಯವಾಗಬೇಕು.

ನಾನು ಗದಗ ಜಿಲ್ಲೆಯ ರೋಣ ತಾಲೂಕಿನವನು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ, 1999ರಲ್ಲಿ ಸೋದರಮಾವನ ಆಶ್ರಯದಲ್ಲಿ ಈ ಊರಿಗೆ ಬಂದೆ. ಅವರು ಚಿಂಚವಡದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದರು. ಅವರ ಮನೆಯ ಹತ್ತಿರದ ಓಣಿಯಲ್ಲಿ ಗಣಕಯಂತ್ರದ ತರಗತಿಗಳು ನಡೆಯುತ್ತಿದ್ದವು. ಅಲ್ಲಿ ಆರು ತಿಂಗಳು ಕಲಿತು, ಮದುವೆಯ ಕರೆಯೋಲೆ ಅಚ್ಚು ಹಾಕುವ ಮುದ್ರಣಾಲಯದವರೊಬ್ಬರು ಹೊಸದಾಗಿ ಆರಂಭಿಸಿದ್ದ ಜಾಲತಾಣದ ವಿಭಾಗದಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನಗೆ ಯಾವ ಪರೀಕ್ಷೆಯೂ ಇರಲಿಲ್ಲ. ಮಾಲೀಕರು ಒಂದು ಕರಪತ್ರವನ್ನು ಕೈಗೆ ಕೊಟ್ಟು, "ಇದು ಪರದೆಯ ಮೇಲೆ ಹೀಗೆಯೇ ಕಾಣಬೇಕು" ಎಂದರು. ಸಂಜೆಯ ಹೊತ್ತಿಗೆ ಕಾಣಿಸಿದೆ. ಕೆಲಸ ಸಿಕ್ಕಿತು.

ಆ ಕಾಲಕ್ಕೆ ಈ ಕಸುಬೇ ಎಳೆಯದು. ಟಿಮ್ ಬರ್ನರ್ಸ್-ಲೀ ಎಂಬವರು ಸ್ವಿಟ್ಜರ್ಲೆಂಡಿನ ಜಿನೀವಾದ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ 1989ರಲ್ಲಿ ಈ ಜಾಲದ ಪ್ರಸ್ತಾವವನ್ನು ಮುಂದಿಟ್ಟರು. 1993ರ ಏಪ್ರಿಲಿನಲ್ಲಿ ಆ ಪ್ರಯೋಗಾಲಯವು ಅದನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರಜಾಲ ಸೌಲಭ್ಯ ನೀಡಿತು. ಅದೇ ವರ್ಷದ ಮೇ ತಿಂಗಳಲ್ಲಿ ಬ್ರೆಂಡನ್ ಐಕ್ ಎಂಬವರು ಹತ್ತೇ ದಿನಗಳಲ್ಲಿ ಜಾವಾಸ್ಕ್ರಿಪ್ಟ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಇಂದು ಜಗತ್ತಿನ ಬ್ರೌಸರುಗಳೆಲ್ಲವೂ ಆ ಭಾಷೆಯನ್ನೇ ನಡೆಸುತ್ತವೆ. ಹತ್ತು ದಿನಗಳ ಅವಸರದಲ್ಲಿ ಉಳಿದ ಕೆಲವು ಲೋಪಗಳೂ ಹಾಗೆಯೇ ಉಳಿದುಕೊಂಡಿವೆ. ಅವುಗಳನ್ನು ತಿದ್ದಿದರೆ ಹಳೆಯ ಪುಟಗಳು ಕೆಟ್ಟುಹೋಗುತ್ತವೆ. ಈ ಸಂಗತಿಗೆ ಮುಂದೆ ಮರಳುತ್ತೇನೆ.

ಜಾಲತಾಣ ಕಟ್ಟುವವನ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು. ತಾವು ರೈಲಿನ ಟಿಕೆಟಿಗಾಗಿ ಹೆಸರು ತುಂಬುವ ಪುಟದಲ್ಲಿ ಕಾಣುವ ಚೌಕಗಳನ್ನು ಜೋಡಿಸುವುದು ಒಂದು ಭಾಗ. ಅವುಗಳಿಗೆ ಬಣ್ಣ, ಅಳತೆ ಕೊಡುವುದು ಇನ್ನೊಂದು. ತಾವು ಗುಂಡಿ ಒತ್ತಿದಾಗ ಏನಾಗಬೇಕೆಂದು ಬರೆಯುವುದು ಮೂರನೆಯದು. ತಾವು ತುಂಬಿದ ಹೆಸರು ದೂರದ ಸರ್ವರ್ ತಲುಪಿ, ಅಲ್ಲಿ ತಪ್ಪಿಲ್ಲದೆ ಉಳಿದು, ಬೇಕೆಂದಾಗ ತಪ್ಪಿಲ್ಲದೆ ಮರಳುವಂತೆ ನೋಡಿಕೊಳ್ಳುವುದು ನಾಲ್ಕನೆಯದು. ಮೊದಲ ಮೂರು ಕಣ್ಣಿಗೆ ಕಾಣುತ್ತವೆ. ನಾಲ್ಕನೆಯದು ಕೆಟ್ಟಾಗ ಮಾತ್ರ ಕಾಣುತ್ತದೆ.

ಈ ಕಸುಬಿನ ಇನ್ನೊಂದು ಗುಣವೆಂದರೆ ಇದರ ಉಪಕರಣಗಳು ಬೇಗ ಮುಪ್ಪಾಗುತ್ತವೆ. 2001ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನ ಆರನೆಯ ಆವೃತ್ತಿಯ ವಕ್ರತೆಗಳನ್ನು ಬಾಯಿಪಾಠ ಮಾಡಿದವನೇ ಆಗ ನಮ್ಮಲ್ಲಿ ಪಂಡಿತನೆನಿಸಿಕೊಳ್ಳುತ್ತಿದ್ದ. ಆ ಬ್ರೌಸರಿನ ವಂಶವನ್ನೇ 2022ರ ಜೂನ್‌ನಲ್ಲಿ ಅದರ ಒಡೆಯರು ನಿವೃತ್ತಿಗೊಳಿಸಿದರು. ಚಲಿಸುವ ಚಿತ್ರಗಳಿಗಾಗಿ ನಾವು ಹಗಲಿರುಳು ಕಲಿತ ಫ್ಲ್ಯಾಶ್ 2020ರ ಕೊನೆಯಲ್ಲಿ ಮುಗಿಯಿತು. 2007ರಲ್ಲಿ ಐಫೋನ್ ಬಂದ ಮೇಲೆ ದೊಡ್ಡ ಪರದೆಯ ಲೆಕ್ಕಾಚಾರಗಳೆಲ್ಲ ಬುಡಮೇಲಾದವು. ನಾನು 2003ರಲ್ಲಿ ಕಂಠಪಾಠ ಮಾಡಿದ ನೂರು ಸಂಗತಿಗಳಲ್ಲಿ ಇಂದು ಉಪಯೋಗಕ್ಕೆ ಬರುವವು ಹತ್ತೂ ಇರಲಾರವು. ಉಳಿದದ್ದು ಕೆಲವು ಅಭ್ಯಾಸಗಳು ಮಾತ್ರ: ತಪ್ಪನ್ನು ಹುಡುಕುವ ತಾಳ್ಮೆ, ಬಳಸುವವನು ಯಾರೆಂದು ಕೇಳುವ ರೂಢಿ, ಹೀಗಾದರೆ ಏನು, ಹಾಗಾದರೆ ಏನು ಎಂದು ಮುಂದಾಲೋಚಿಸುವ ಗುಣ.

ಹೀಗಿರುವಾಗ ಈ ಕಸುಬಿನವನನ್ನು ಪರೀಕ್ಷಿಸುವುದು ಹೇಗೆ? ನನ್ನ ಮೊದಲ ನೌಕರಿ 2001ರಲ್ಲಿ ಹೋಯಿತು. ಅಂತರಜಾಲದ ಹೊಸ ವ್ಯಾಪಾರಗಳು ಜಗತ್ತಿನಾದ್ಯಂತ ಕುಸಿದ ಕಾಲವದು. ಮುದ್ರಣಾಲಯದವರು ಮತ್ತೆ ಕರೆಯೋಲೆಗಳಿಗೆ ಮರಳಿದರು. ಮುಂದಿನ ಹದಿನಾಲ್ಕು ತಿಂಗಳಲ್ಲಿ ನಾನು ಹನ್ನೊಂದು ಲಿಖಿತ ಪರೀಕ್ಷೆಗಳಿಗೆ ಕುಳಿತೆ. ಅವುಗಳಲ್ಲಿ ಜಾಲತಾಣದ ಬಗ್ಗೆ ಕೇಳಿದ್ದು ಅಲ್ಪ. ಎರಡು ರೈಲುಗಳು ಎದುರುಬದುರಾಗಿ ಬಂದು ಎಲ್ಲಿ ಸೇರುತ್ತವೆ, ಈ ಇಂಗ್ಲಿಷ್ ಶಬ್ದಕ್ಕೆ ವಿರುದ್ಧಾರ್ಥಕ ಪದ ಯಾವುದು ಎಂಬಂಥವೇ ಹೆಚ್ಚು. ಒಂದು ಸಂಸ್ಥೆಯಲ್ಲಿ ನನಗಿಂತ ಮೊದಲು ಬರೆದವರ ಪೆನ್ಸಿಲಿನ ಗುರುತುಗಳು ಪ್ರಶ್ನಪತ್ರಿಕೆಯ ಮೇಲೆಯೇ ಇದ್ದವು. ಹನ್ನೆರಡನೆಯ ಕಡೆ ಮತ್ತೆ ಪರೀಕ್ಷೆಯಿಲ್ಲದೆ, ಒಂದು ಕೆಟ್ಟ ಪುಟವನ್ನು ಸರಿಮಾಡಿ ತೋರಿಸಿ ಸೇರಿದೆ. ಆದ್ದರಿಂದ ಪರೀಕ್ಷೆಗಳ ಮೇಲೆ ನನಗೆ ಒಳಗೊಳಗೇ ಸಿಟ್ಟಿತ್ತು. 2011ರಲ್ಲಿ ಹಿಂಜವಡಿಯ ಕಂಪನಿಯೊಂದರಲ್ಲಿ ನಾನು ತಂಡದ ಹಿರಿಯನಾಗಿದ್ದಾಗ, "ಹೊಸಬರಿಗೆ ಪ್ರಶ್ನಪತ್ರಿಕೆಯನ್ನು ನೀವೇ ಬರೆಯಿರಿ" ಎಂದು ಮೇಲಿನವರು ಹೇಳಿದಾಗ ನನಗೆ ಸಂತೋಷವೇ ಆಯಿತು. ಅನ್ಯಾಯ ಉಂಡವನು ನ್ಯಾಯವನ್ನು ಬಲ್ಲನೆಂದು ಭಾವಿಸಿದೆ. ಅದು ತಪ್ಪು ಭಾವನೆ.

ನನ್ನ ಮೊದಲ ಪ್ರಶ್ನಪತ್ರಿಕೆಯನ್ನು ಇಂದು ನೋಡಿದರೆ ನಾಚಿಕೆಯಾಗುತ್ತದೆ. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ 'ಏನೂ ಇಲ್ಲ' ಎಂಬುದನ್ನು ಸೂಚಿಸಲು 'ನಲ್' ಎಂಬ ಪದವಿದೆ. ಅದರ ಜಾತಿ ಯಾವುದೆಂದು ಭಾಷೆಯನ್ನೇ ಕೇಳಿದರೆ, ಅದು 'ವಸ್ತು' ಎಂದು ಉತ್ತರಿಸುತ್ತದೆ. ಇದು ತರ್ಕವಲ್ಲ, 1995ರ ಮೊದಲ ರೂಪದಲ್ಲಿ ಉಳಿದ ದೋಷ. ನಾನು ಮೊದಲೇ ಹೇಳಿದ ತಿದ್ದಲಾಗದ ಲೋಪಗಳಲ್ಲಿ ಇದೂ ಒಂದು. ನನ್ನ ಮೊದಲ ಪ್ರಶ್ನೆಯೇ ಇದಾಗಿತ್ತು. ಉತ್ತರ ಬಲ್ಲವನು ಒಂದು ಅಪಘಾತದ ಸುದ್ದಿಯನ್ನು ಬಲ್ಲವನೇ ಹೊರತು ಒಳ್ಳೆಯ ಕೆಲಸಗಾರನೆಂದು ಅದರಿಂದ ತಿಳಿಯುವುದಿಲ್ಲ. ಆದರೂ ಅಂಥ ಇಪ್ಪತ್ತು ಪ್ರಶ್ನೆಗಳನ್ನು ಹೆಮ್ಮೆಯಿಂದ ಬರೆದೆ. ಪ್ರಶ್ನೆ ಬರೆಯುವವನಿಗೆ ಬರುವ ಮೊದಲ ರೋಗ ಇದೇ: ಎದುರಿಗಿರುವವನಿಗೆ ಏನು ಬರುತ್ತದೆ ಎಂದು ತಿಳಿಯುವುದನ್ನು ಬಿಟ್ಟು, ತನಗೆ ಏನು ಬರುತ್ತದೆ ಎಂದು ತೋರಿಸುವುದು.

ಪರೀಕ್ಷೆ ಬರೆಯುವುದಕ್ಕೂ ಒಂದು ಶಾಸ್ತ್ರವಿದೆ ಎಂದು ನನಗೆ ಹೇಳಿಕೊಟ್ಟವರು ನೆರೆಮನೆಯ ನಿವೃತ್ತ ಶಿಕ್ಷಕಿ. ತಮ್ಮ ಹಳೆಯ ಬಿ.ಎಡ್. ಪುಸ್ತಕವನ್ನು ನನಗೆ ಕೊಟ್ಟರು. ಪರೀಕ್ಷೆಯೊಂದು ತಾನು ಅಳೆಯಬೇಕಾದುದನ್ನೇ ಅಳೆಯುತ್ತದೆಯೇ ಎಂಬುದಕ್ಕೆ ಆ ಪುಸ್ತಕದಲ್ಲಿ 'ಸಪ್ರಮಾಣತೆ' ಎಂಬ ಹೆಸರಿದೆ. ಮತ್ತೆ ಮತ್ತೆ ಅಳೆದರೂ ಒಂದೇ ಫಲ ಬರುತ್ತದೆಯೇ ಎಂಬುದಕ್ಕೆ 'ವಿಶ್ವಸನೀಯತೆ' ಎಂದು ಹೆಸರು. ಬಟ್ಟೆ ಅಂಗಡಿಯ ಗಜಕಡ್ಡಿ ಬೆಳಿಗ್ಗೆಯೂ ಸಂಜೆಯೂ ಒಂದೇ ಅಳತೆ ಕೊಡಬಹುದು. ಆದರೆ ಅದರಿಂದ ಹಾಲನ್ನು ಅಳೆಯಲಾಗದು. ನಮ್ಮ ನೌಕರಿಯ ಪರೀಕ್ಷೆಗಳು ಬಹುಪಾಲು ಗಜಕಡ್ಡಿಯಿಂದ ಹಾಲನ್ನು ಅಳೆಯುತ್ತಿದ್ದವು.

ಆ ಶಾಸ್ತ್ರದ ಕ್ರಮ ಕಷ್ಟದ್ದಲ್ಲ. ಮೊದಲು ಆ ಹುದ್ದೆಯವನು ದಿನವೂ ಏನು ಮಾಡುತ್ತಾನೆಂಬ ಪಟ್ಟಿ ಮಾಡಬೇಕು. ಪಟ್ಟಿಯಲ್ಲಿಲ್ಲದ್ದನ್ನು ಕೇಳಬಾರದು. ನಾಲ್ಕು ಆಯ್ಕೆಗಳಿರುವ ಇಪ್ಪತ್ತು ಪ್ರಶ್ನೆಗಳಲ್ಲಿ ಏನೂ ಓದದವನಿಗೂ ಸರಾಸರಿ ಐದು ಉತ್ತರಗಳು ಅದೃಷ್ಟದಿಂದ ಸರಿಯಾಗುತ್ತವೆ ಎಂಬುದನ್ನು ಮರೆಯಬಾರದು. ತಪ್ಪು ಆಯ್ಕೆಗಳು ತಮಾಷೆಯವಾಗಿರದೆ, ಕೆಲಸದಲ್ಲಿ ನಿಜವಾಗಿ ಜನ ಮಾಡುವ ತಪ್ಪುಗಳಾಗಿರಬೇಕು. ಪರೀಕ್ಷೆ ಮುಗಿದ ಮೇಲೆ ಒಟ್ಟು ಅಂಕಗಳಲ್ಲಿ ಮೇಲಿನ ಶೇಕಡ 27 ಮಂದಿಯನ್ನೂ ಕೆಳಗಿನ ಶೇಕಡ 27 ಮಂದಿಯನ್ನೂ ಬೇರ್ಪಡಿಸಿ, ಪ್ರತಿಯೊಂದು ಪ್ರಶ್ನೆಗೂ ಯಾವ ಗುಂಪಿನವರು ಹೆಚ್ಚು ಸರಿಯುತ್ತರ ಕೊಟ್ಟರೆಂದು ನೋಡಬೇಕು. ಬಲ್ಲವರು ತಪ್ಪಿ, ಬಲ್ಲದವರು ಗೆದ್ದಿದ್ದರೆ ದೋಷವಿರುವುದು ಬಹುಶಃ ಪ್ರಶ್ನೆಯಲ್ಲಿಯೇ. ಎರಡು ವರ್ಷ ಹೀಗೆ ತಿದ್ದಿ ತೀಡಿ, ಐವತ್ತು ಅಂಕಗಳ ಒಂದು ಪತ್ರಿಕೆಯನ್ನು ಸಿದ್ಧಪಡಿಸಿದೆ. ತೇರ್ಗಡೆಗೆ ಮೂವತ್ತು. ಅದು ಒಳ್ಳೆಯ ಪತ್ರಿಕೆಯೆಂದು ಎಲ್ಲರೂ ಹೇಳಿದರು, ನಾನೂ ನಂಬಿದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. 2014ರಲ್ಲಿ ಆ ಪತ್ರಿಕೆಯನ್ನು ಬರೆದ ಅಭ್ಯರ್ಥಿಗಳಲ್ಲಿ ಒಬ್ಬ ಯುವಕ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ಕಡೆಯವನು. ಆ ಸೀಮೆಯಲ್ಲಿ ಕನ್ನಡ ಶಾಲೆಗಳಿರುವುದು ತಮಗೆ ತಿಳಿದಿದೆ. ಮನೆಯಲ್ಲಿಯೂ ಶಾಲೆಯಲ್ಲಿಯೂ ಕನ್ನಡ, ಪೇಟೆಯಲ್ಲಿ ಮರಾಠಿ, ಕಾಲೇಜಿಗೆ ಹೋದಾಗ ಇಂಗ್ಲಿಷ್, ಹೀಗೆ ಮೂರು ಭಾಷೆಗಳ ಮೂಲಕ ಬಂದವನು ಎಂದು ಅವನ ಅರ್ಜಿಯಲ್ಲಿತ್ತು. ನನ್ನ ಪತ್ರಿಕೆಯಲ್ಲಿ ನಾಲ್ಕು ಅಂಕದ ಒಂದು ಪ್ರಶ್ನೆ ಹೀಗಿತ್ತು: ಅರ್ಜಿಯೊಂದರಲ್ಲಿ ಹೆಸರಿನ ಚೌಕವಿದೆ, ಹೆಸರು ಇಪ್ಪತ್ತು ಅಕ್ಷರಗಳನ್ನು ಮೀರಬಾರದು, ಇದನ್ನು ಹೇಗೆ ಖಾತರಿಪಡಿಸುವಿರಿ? ನಾನು ನಿರೀಕ್ಷಿಸಿದ್ದು ಎರಡು ಸಾಲಿನ ಉತ್ತರ. ಪುಟದಲ್ಲಿ ಒಂದು ಮಿತಿ ಹಾಕಬೇಕು, ಸರ್ವರಿನಲ್ಲಿ ಇನ್ನೊಮ್ಮೆ ಪರೀಕ್ಷಿಸಬೇಕು. ಆ ಯುವಕ ಮಿತಿಯ ಮಾತನ್ನೇ ಎತ್ತದೆ, ಹರಕುಮುರುಕು ಇಂಗ್ಲಿಷಿನಲ್ಲಿ, ಅಕ್ಷರವೆಂದರೆ ಯಾವುದು, ಹೆಸರು ಯಾವ ಭಾಷೆಯಲ್ಲಿ, ಎಣಿಸುವವರು ಯಾರು ಎಂದು ಅರ್ಧ ಪುಟ ಬರೆದಿದ್ದ. ಮೌಲ್ಯಮಾಪಕರು ನಾನು ಕೊಟ್ಟ ಮಾದರಿ ಉತ್ತರವನ್ನು ಹೋಲಿಸಿ ನೋಡಿ, 'ಪ್ರಶ್ನೆಗೆ ಉತ್ತರಿಸಿಲ್ಲ' ಎಂದು ಸೊನ್ನೆ ಕೊಟ್ಟರು. ಅವನ ಒಟ್ಟು ಅಂಕ 28. ಸಂದೇಹವಿದ್ದ ಪತ್ರಿಕೆಗಳು ನನ್ನ ಮುಂದೆ ಬರುತ್ತಿದ್ದವು; ಇದೂ ಬಂತು. ನಾನು ಓದಿ, ಇಂಗ್ಲಿಷ್ ಬಾರದವನು ಪ್ರಶ್ನೆಯನ್ನೇ ಅರ್ಥಮಾಡಿಕೊಂಡಿಲ್ಲ ಎಂದು ತೀರ್ಮಾನಿಸಿ ಸಹಿ ಹಾಕಿದೆ. ಕನ್ನಡ ಶಾಲೆಯಲ್ಲಿ ಓದಿದ ನಾನು, ಕನ್ನಡ ಶಾಲೆಯಲ್ಲಿ ಓದಿದ ಅವನ ಬಗ್ಗೆ ಹಾಗೆ ತೀರ್ಮಾನಿಸಿದೆ.

ಎರಡು ವರ್ಷಗಳ ನಂತರ, 2016ರಲ್ಲಿ, ಕರ್ನಾಟಕದ ಗಡಿ ಜಿಲ್ಲೆಯ ಸಹಕಾರಿ ಸಂಸ್ಥೆಯೊಂದಕ್ಕೆ ನಮ್ಮ ತಂಡ ಜಾಲತಾಣ ಮಾಡಿಕೊಟ್ಟಿತು. ಸದಸ್ಯರಾದ ರೈತರ ಹೆಸರುಗಳನ್ನು ಕನ್ನಡದಲ್ಲಿಯೇ ತುಂಬುವ ವ್ಯವಸ್ಥೆ. ಗುರುತಿನ ಚೀಟಿಗಳು ಅಚ್ಚಾಗಿ ಬಂದಾಗ 'ಮಲ್ಲಿಕಾರ್ಜುನ' ಎಂಬ ಹೆಸರಿನವರೆಲ್ಲ 'ಮಲ್ಲಿಕಾರ್ಜ' ಆಗಿದ್ದರು. ಉದ್ದನೆಯ ಹೆಸರುಗಳಿಗೆಲ್ಲ ಅದೇ ಗತಿ. ತಮ್ಮ ಹೆಸರನ್ನೇ ತುಂಡರಿಸಿದ್ದಾರೆಂದು ಮುದುಕರೊಬ್ಬರು ಚೀಟಿಯನ್ನು ಮೇಜಿನ ಮೇಲೆ ಇಟ್ಟು ಹೋದರೆಂದು ಅಲ್ಲಿನ ಕಾರ್ಯದರ್ಶಿಗಳು ನಮಗೆ ತಿಳಿಸಿದರು.

ಕಾರಣವನ್ನು ತಮಗೆ ವಿವರಿಸಬೇಕು. ಇದು ಕನ್ನಡದ ವಿಷಯವೇ ಆಗಿದೆ. 'ಮಲ್ಲಿಕಾರ್ಜುನ' ಎಂಬ ಹೆಸರಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಅಕ್ಷರಗಳು ಐದು: ಮ, ಲ್ಲಿ, ಕಾ, ರ್ಜು, ನ. ಆದರೆ 1991ರಲ್ಲಿ ಬಂದ ಯೂನಿಕೋಡ್ ಸಂಕೇತಕ್ರಮದ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ದೊರೆತ ಸ್ಥಾನದ ಪ್ರಕಾರ, ವ್ಯಂಜನ, ಹಲಂತ, ಸ್ವರಚಿಹ್ನೆ ಇವುಗಳೆಲ್ಲವೂ ಬೇರೆ ಬೇರೆ ಸಂಕೇತಗಳು. ಹಾಗೆ ಎಣಿಸಿದರೆ ಈ ಹೆಸರಿನಲ್ಲಿ ಹನ್ನೆರಡು ಸಂಕೇತಗಳಾಗುತ್ತವೆ. ಜಾಲದಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟ್ ಜಾಗ ಹಿಡಿದರೆ, ಕನ್ನಡದ ಒಂದೊಂದು ಸಂಕೇತ ಮೂರು ಬೈಟ್ ಹಿಡಿಯುತ್ತದೆ. ಅಂದರೆ ಕಣ್ಣಿಗೆ ಐದು, ಸಂಕೇತದಲ್ಲಿ ಹನ್ನೆರಡು, ಉಗ್ರಾಣದಲ್ಲಿ ಮೂವತ್ತಾರು. ಪುಟದಲ್ಲಿ ನಾವು ಹಾಕಿದ್ದ ಮಿತಿ ಇಪ್ಪತ್ತು ಸಂಕೇತ. ಉಗ್ರಾಣದಲ್ಲಿ ಇಟ್ಟಿದ್ದ ಜಾಗ ಮೂವತ್ತು ಬೈಟ್. ಇಂಗ್ಲಿಷ್ ಹೆಸರುಗಳಿಗೆ ಅದು ಧಾರಾಳ. ಕನ್ನಡದ ಹೆಸರು ಹತ್ತನೆಯ ಸಂಕೇತಕ್ಕೆ ತುಂಡಾಯಿತು. ಮೀರಿದ್ದನ್ನು ಸದ್ದಿಲ್ಲದೆ ಕತ್ತರಿಸುವಂತೆ ಬರೆದವರೂ ನಾವೇ.

ಆ ರಾತ್ರಿ ನನಗೆ ಅಕ್ಕಲಕೋಟದ ಯುವಕನ ಅರ್ಧ ಪುಟ ನೆನಪಾಯಿತು. ಮರುದಿನ ಹಳೆಯ ಕಡತವನ್ನು ತೆಗೆಸಿ ನೋಡಿದೆ. ಅವನು ಬರೆದದ್ದು ಇದೇ. ಅವನ ಇಂಗ್ಲಿಷಿನಲ್ಲಿ ವ್ಯಾಕರಣ ದೋಷಗಳಿದ್ದವು. ವಿಚಾರದಲ್ಲಿ ಒಂದೂ ದೋಷವಿರಲಿಲ್ಲ. ನಾಲ್ಕರಲ್ಲಿ ಎರಡು ಅಂಕ ಕೊಟ್ಟಿದ್ದರೂ ಅವನು ಒಳಗೆ ಬರುತ್ತಿದ್ದ. ಬಂದಿದ್ದರೆ ರೈತರ ಹೆಸರುಗಳು ತುಂಡಾಗುತ್ತಿರಲಿಲ್ಲವೇನೋ. ಮೇಲೆ ಹೇಳಿದ ಶಾಸ್ತ್ರೀಯ ಲೆಕ್ಕಗಳೆಲ್ಲ ಈ ತಪ್ಪನ್ನು ಹಿಡಿದಿರಲಿಲ್ಲ. ಸಾವಿರ ಜನ ಒಂದೇ ರೀತಿ ಉತ್ತರಿಸಿದ ಪ್ರಶ್ನೆಯಲ್ಲಿ, ಬೇರೆ ದಾರಿಯಿಂದ ಬಂದ ಒಬ್ಬನ ಸರಿಯುತ್ತರವನ್ನು ಅಂಕಿಗಳು ತೋರಿಸಲಾರವು. ಅದನ್ನು ನೋಡಬೇಕಾದವನು ಪ್ರಶ್ನೆ ಬರೆದವನೇ. ನನ್ನ ಮಾದರಿ ಉತ್ತರ ಇಂಗ್ಲಿಷ್ ಅಕ್ಷರಮಾಲೆಯೊಂದೇ ಲೋಕದಲ್ಲಿದೆ ಎಂಬಂತೆ ಬರೆದದ್ದು. ಆ ಪ್ರಶ್ನೆಯಲ್ಲಿ ನಾಪಾಸಾದವನು ನಾನು.

ಬಂಧುಗಳೆ, ಇದನ್ನು ಒಬ್ಬನ ವೈಯಕ್ತಿಕ ಪಶ್ಚಾತ್ತಾಪವೆಂದು ತಾವು ಬದಿಗಿಡಬಾರದು. ಪರೀಕ್ಷೆಯೆಂಬುದು ಯಾವಾಗಲೂ ಒಂದು ಹೆಬ್ಬಾಗಿಲು. ಬಾಗಿಲು ಎಲ್ಲಿದೆ, ಎಷ್ಟು ಎತ್ತರದ್ದು ಎಂಬುದರಲ್ಲಿಯೇ ಯಾರು ಒಳಗೆ ಬರಬೇಕೆಂಬ ತೀರ್ಮಾನ ಅಡಗಿರುತ್ತದೆ. ಇಂಡಿಯನ್ ಸಿವಿಲ್ ಸರ್ವಿಸಿಗೆ 1855ರಿಂದ ಸ್ಪರ್ಧಾತ್ಮಕ ಪರೀಕ್ಷೆ ಆರಂಭವಾಯಿತು. ಕಾಗದದ ಮೇಲೆ ಭಾರತೀಯರಿಗೂ ಅವಕಾಶವಿತ್ತು. ಆದರೆ ಪರೀಕ್ಷೆ ನಡೆಯುತ್ತಿದ್ದುದು ಲಂಡನ್ನಿನಲ್ಲಿ. ಸತ್ಯೇಂದ್ರನಾಥ ಠಾಕೂರರು 1863ರಲ್ಲಿ ತೇರ್ಗಡೆಯಾದ ಮೊದಲ ಭಾರತೀಯರು. ಭಾರತದಲ್ಲಿಯೂ ಆ ಪರೀಕ್ಷೆ ನಡೆಯತೊಡಗಿದ್ದು 1922ರಲ್ಲಿ. ನಡುವಿನ ಆರು ದಶಕ ಸಮುದ್ರ ದಾಟುವ ಹಣವೂ ಪರೀಕ್ಷೆಯ ಒಂದು ವಿಷಯವೇ ಆಗಿತ್ತು, ಪಠ್ಯಕ್ರಮದಲ್ಲಿ ಬರೆದಿರಲಿಲ್ಲ ಅಷ್ಟೆ.

ಅಮೆರಿಕದಲ್ಲಿ 1971ರಲ್ಲಿ ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಕಂಪನಿಯ ನಡುವಣ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಮಹತ್ವದ ತೀರ್ಪು ನೀಡಿತು. ಉತ್ತರ ಕೆರೊಲಿನಾದ ವಿದ್ಯುತ್ ಸ್ಥಾವರವೊಂದರಲ್ಲಿ ಮೇಲಿನ ಕೆಲಸಗಳಿಗೆ ಪ್ರೌಢಶಾಲೆಯ ಪ್ರಮಾಣಪತ್ರವನ್ನೂ ಎರಡು ಲಿಖಿತ ಪರೀಕ್ಷೆಗಳನ್ನೂ ಕೇಳುತ್ತಿದ್ದರು. ಅವು ಎಲ್ಲರಿಗೂ ಒಂದೇ. ಆದರೆ ಹೊರಗುಳಿಯುತ್ತಿದ್ದವರು ಬಹುಪಾಲು ಕಪ್ಪು ಜನಾಂಗದ ಕಾರ್ಮಿಕರು. ಆ ಕೆಲಸವನ್ನು ಚೆನ್ನಾಗಿ ಮಾಡುವುದಕ್ಕೂ ಆ ಪರೀಕ್ಷೆಗಳಿಗೂ ಸಂಬಂಧವಿದೆಯೆಂದು ತೋರಿಸಲಾಗದಿದ್ದರೆ, ಕೆಟ್ಟ ಉದ್ದೇಶವಿಲ್ಲದಿದ್ದರೂ ಅಂಥ ಪರೀಕ್ಷೆ ಕಾನೂನಿಗೆ ವಿರುದ್ಧವೆಂದು ನ್ಯಾಯಾಲಯ ಹೇಳಿತು. ನನಗೂ ಕೆಟ್ಟ ಉದ್ದೇಶವಿರಲಿಲ್ಲ. ಹೊರಗುಳಿದವನಿಗೆ ಅದರಿಂದ ಬಂದ ಲಾಭವೇನು?

ನಮ್ಮ ದೇಶದಲ್ಲಿ ಸಾರ್ವಜನಿಕ ಪರೀಕ್ಷೆಗಳ ಬಾಗಿಲು ಈಚೆಗೆ ಸ್ವಲ್ಪ ಅಗಲವಾಗಿದೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿ ಬರೆಯಬಹುದಾಗಿದೆ. ಎಂಜಿನಿಯರಿಂಗ್ ಪ್ರವೇಶದ ಜೆ.ಇ.ಇ. ಮೇನ್ ಪರೀಕ್ಷೆಗೆ 2021ರಲ್ಲಿ ಕನ್ನಡ ಸೇರಿತು. ಸಿಬ್ಬಂದಿ ನೇಮಕಾತಿ ಆಯೋಗದ ಕೆಲವು ಪರೀಕ್ಷೆಗಳಿಗೆ 2023ರಲ್ಲಿ ಸೇರಿತು. ಇವು ಜನರು ಕೇಳಿ ಪಡೆದ ಹಕ್ಕುಗಳು. ಆದರೆ ಖಾಸಗಿ ಕಂಪನಿಗಳ ಕೌಶಲ ಪರೀಕ್ಷೆಗಳ ಬಾಗಿಲಲ್ಲಿ ಸಭೆಯಿಲ್ಲ, ಶಾಸನಸಭೆಯ ಪ್ರಶ್ನೋತ್ತರವಿಲ್ಲ. ಅಲ್ಲಿ ಒಬ್ಬ ನನ್ನಂಥವನು ಮೇಜಿನ ಮುಂದೆ ಕುಳಿತು ಬರೆದದ್ದೇ ಶಾಸನ.

ಹಾಗಾದರೆ ಸಾಫ್ಟ್‌ವೇರ್ ಕಂಪನಿಗಳೆಲ್ಲ ಕನ್ನಡದಲ್ಲಿ ಪರೀಕ್ಷೆ ನಡೆಸಬೇಕೆಂದು ನಾನು ಘೋಷಣೆ ಕೂಗುತ್ತಿದ್ದೇನೆಯೇ? ಇಲ್ಲ. ಈ ಕಸುಬಿನ ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಅವುಗಳನ್ನು ಓದಲು ಬಾರದವನು ಕಷ್ಟಪಡುತ್ತಾನೆ. ಅದನ್ನು ಮುಚ್ಚಿಟ್ಟು ನಮ್ಮ ಮಕ್ಕಳಿಗೆ ಸುಳ್ಳು ಭರವಸೆ ಕೊಡುವುದು ಭಾಷಾಪ್ರೇಮವಲ್ಲ. ನಾನು ಹೇಳುವುದು ಇಷ್ಟೇ: ಇಂಗ್ಲಿಷ್ ಓದುವ ಶಕ್ತಿ ಬೇಕಿದ್ದರೆ ಅದನ್ನು ಬೇರೆಯಾಗಿ, ಬಹಿರಂಗವಾಗಿ, ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಅಳೆಯಿರಿ. ಕೈಪಿಡಿಯ ಒಂದು ಪುಟ ಕೊಟ್ಟು, ಅದರಿಂದ ಬೇಕಾದುದನ್ನು ಹುಡುಕಲು ಹೇಳಿ. ಪ್ರತಿಯೊಂದು ತಾಂತ್ರಿಕ ಪ್ರಶ್ನೆಯ ಹೊಟ್ಟೆಯಲ್ಲಿ ಇಂಗ್ಲಿಷಿನ ಒಂದು ಗುಪ್ತ ಪರೀಕ್ಷೆಯನ್ನು ಅಡಗಿಸಬೇಡಿ. ಎರಡು ನಕಾರಗಳನ್ನು ಸೇರಿಸಿ, 'ಇವುಗಳಲ್ಲಿ ಯಾವುದು ತಪ್ಪಲ್ಲ' ಎಂದು ತೊಂಬತ್ತು ಸೆಕೆಂಡುಗಳಲ್ಲಿ ಕೇಳಿದಾಗ, ಆ ಸಮಯವೆಲ್ಲ ವಾಕ್ಯವನ್ನು ಬಿಡಿಸುವುದಕ್ಕೆ ಹೋಗುತ್ತದೆ. ತಂತ್ರಜ್ಞಾನದ ಸರದಿ ಬರುವುದೇ ಇಲ್ಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರಿಗೆ ದೊರೆತ ಮೇಲೆ ಇನ್ನೊಂದು ಬದಲಾವಣೆಯಾಗಿದೆ. ನನ್ನ ಮೊದಲ ಪತ್ರಿಕೆಯ ಇಪ್ಪತ್ತೂ ಪ್ರಶ್ನೆಗಳಿಗೆ ಯಂತ್ರವೇ ಕ್ಷಣಮಾತ್ರದಲ್ಲಿ ಉತ್ತರ ಕೊಡಬಲ್ಲದು. ಇದನ್ನು ಕಂಡು ಅನೇಕ ಸಂಸ್ಥೆಗಳು ಅಭ್ಯರ್ಥಿಯ ಮನೆಯ ಮೇಜನ್ನೂ ಕಣ್ಣಿನ ಚಲನೆಯನ್ನೂ ಕ್ಯಾಮೆರಾದಿಂದ ಕಾಯುತ್ತಿವೆ. ಯಂತ್ರ ಕೊಡಬಲ್ಲ ಉತ್ತರವನ್ನೇ ಮನುಷ್ಯನಿಂದ ಕೇಳಿ, ಅವನು ಯಂತ್ರವನ್ನು ನೋಡದಂತೆ ಕಾವಲು ಹಾಕುವುದಕ್ಕಿಂತ ಪ್ರಶ್ನೆಯನ್ನೇ ಬದಲಿಸುವುದು ವಿವೇಕವೆಂದು ನನಗೆ ತೋರುತ್ತದೆ.

ನಾನು ಈಗ ಕೇಳುವ ಒಂದು ಪ್ರಶ್ನೆಯನ್ನು ಉದಾಹರಿಸುತ್ತೇನೆ. ಹಣ ಪಾವತಿಸುವ ಪುಟದಲ್ಲಿ ಒಬ್ಬ ಹೆಂಗಸು ಗುಂಡಿಯನ್ನು ಒಮ್ಮೆ ಒತ್ತಿದಳು, ಪುಟ ಅಲುಗಾಡಲಿಲ್ಲ, ಗಾಬರಿಯಿಂದ ಇನ್ನೊಮ್ಮೆ ಒತ್ತಿದಳು, ಹಣ ಎರಡು ಸಲ ಹೋಯಿತು. ಇದನ್ನು ಎಲ್ಲೆಲ್ಲಿ, ಹೇಗೆ ತಡೆಯುವಿರಿ? ಒಂದು ಒತ್ತಿನ ನಂತರ ಗುಂಡಿಯನ್ನು ನಿಷ್ಕ್ರಿಯಗೊಳಿಸಬೇಕೆಂದು ಕೆಲವರು ಹೇಳುತ್ತಾರೆ. ಅದು ಸರಿ, ಆದರೆ ಸಾಲದು. ಸಂಪರ್ಕ ಕಡಿದು ಅದೇ ಬೇಡಿಕೆ ಮತ್ತೊಮ್ಮೆ ಹೋಗಬಹುದು. ಪ್ರತಿಯೊಂದು ಪಾವತಿಗೂ ಒಂದು ಗುರುತು ಕೊಟ್ಟು, ಅದೇ ಗುರುತು ಎರಡನೆಯ ಸಲ ಬಂದರೆ ಸರ್ವರು ಹಣ ತೆಗೆಯಬಾರದೆಂದು ಬಲ್ಲವರು ಹೇಳುತ್ತಾರೆ. ಇನ್ನು ಕೆಲವರು, "ಮೊದಲು ಆಕೆಗೆ ಕೆಲಸ ನಡೆಯುತ್ತಿದೆ ಎಂಬ ಸೂಚನೆ ಕಾಣಬೇಕಿತ್ತು" ಎನ್ನುತ್ತಾರೆ. ಆಕೆಯ ಗಾಬರಿಯನ್ನು ನೆನೆದವರಿಗೆ ನಾನು ಅಂಕ ಕೊಡುತ್ತೇನೆ. ಅಭ್ಯರ್ಥಿ ಬೇಕಾದರೆ ಯಂತ್ರದ ನೆರವನ್ನೂ ಪಡೆಯಲಿ. ಅದು ಕೊಟ್ಟ ಉತ್ತರದಲ್ಲಿ ಯಾವುದು ಸರಿ, ಯಾವುದು ಈ ಸಂದರ್ಭಕ್ಕೆ ಹೊಂದದು ಎಂದು ನನ್ನೆದುರು ತನಗೆ ಅನುಕೂಲವಾದ ಭಾಷೆಯಲ್ಲಿ ವಿವರಿಸಲಿ. ಮಾದರಿ ಉತ್ತರದ ಕೊನೆಗೆ ಈಗ ಒಂದು ಸಾಲನ್ನು ತಪ್ಪದೆ ಸೇರಿಸುತ್ತೇನೆ: 'ಅಭ್ಯರ್ಥಿ ಪ್ರಶ್ನೆಯನ್ನೇ ಪ್ರಶ್ನಿಸಿದ್ದರೆ, ಸೊನ್ನೆ ಕೊಡುವ ಮೊದಲು ಇನ್ನೊಬ್ಬರಿಗೆ ತೋರಿಸಿ.'

ಆ ಯುವಕನ ವಿಷಯವನ್ನು ಹೇಳಿ ಮುಗಿಸುತ್ತೇನೆ. ಕಂಪನಿಯ ಒಪ್ಪಿಗೆ ಪಡೆದು, ಅರ್ಜಿಯಲ್ಲಿದ್ದ ವಿಳಾಸಕ್ಕೆ 2016ರಲ್ಲಿಯೇ ಕನ್ನಡದಲ್ಲಿ ಒಂದು ಪತ್ರ ಬರೆದೆ. ನಡೆದುದನ್ನೆಲ್ಲ ತಿಳಿಸಿ, ಮತ್ತೆ ಬರಲು ಇಷ್ಟವಿದ್ದರೆ ಪರೀಕ್ಷೆಯ ಅಗತ್ಯವಿಲ್ಲವೆಂದು ತಿಳಿಸಿದೆ. ಮೂರು ವಾರಗಳ ನಂತರ ಉತ್ತರ ಬಂತು. ಆತ ಹೈದರಾಬಾದಿನಲ್ಲಿ ಕೆಲಸದಲ್ಲಿದ್ದರು. ಅಲ್ಲಿಗೆ ತಲುಪುವ ಮೊದಲು ಒಂದೂವರೆ ವರ್ಷ ಊರಲ್ಲಿ ಅಣ್ಣನ ರಸಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆದಿದ್ದರಂತೆ. ಅಲ್ಲಿಯೇ ಇರಲು ಇಚ್ಛಿಸಿದರು. "ನಾನು ಆ ದಿನ ಬರೆದ ಉತ್ತರ ನನಗೆ ನೆನಪಿಲ್ಲ, ಸರ್. ನಾಪಾಸಾದದ್ದು ನೆನಪಿದೆ" ಎಂದು ಕೊನೆಯಲ್ಲಿ ಬರೆದಿದ್ದರು. ಅದರಲ್ಲಿ ಕೋಪವಿರಲಿಲ್ಲ. ನನಗೆ ಬೇರೆ ಯಾವ ಶಿಕ್ಷೆಯೂ ಬೇಕಾಗಲಿಲ್ಲ.

ಈ ಸಭೆಯಲ್ಲಿ ಕಂಪನಿಗಳಲ್ಲಿ ಹಿರಿಯ ಹುದ್ದೆಗಳಲ್ಲಿರುವವರು, ಕಾಲೇಜಿನಲ್ಲಿ ಪಾಠ ಹೇಳುವವರು, ನೇಮಕಾತಿ ಸಮಿತಿಗಳಲ್ಲಿ ಕುಳಿತುಕೊಳ್ಳುವವರು ಅನೇಕರಿದ್ದೀರಿ. ನಾವೆಲ್ಲ ಒಂದಲ್ಲ ಒಂದು ದಿನ ಬಾಗಿಲ ಹೊರಗೆ ನಿಂತವರು, ಈಗ ಒಳಗಿದ್ದೇವೆ. ಊರಿನಿಂದ ಪ್ರತಿವರ್ಷವೂ ಹುಬ್ಬಳ್ಳಿಯ, ಸೊಲ್ಲಾಪುರದ ರೈಲುಗಳಲ್ಲಿ ಮಕ್ಕಳು ಬರುತ್ತಲೇ ಇದ್ದಾರೆ. ಸಂಘದ ಕಾರ್ಯಕಾರಿ ಮಂಡಳಿಗೆ ನನ್ನದೊಂದು ಬಿನ್ನಹ: ತಿಂಗಳಿಗೊಂದು ಭಾನುವಾರ ಈ ಸಭಾಂಗಣದ ಒಂದು ಕೋಣೆಯನ್ನು ಬಿಟ್ಟುಕೊಡಿ. ಅಂಥ ಮಕ್ಕಳು ಬರಲಿ. ನಿಜವಾದ ಕೆಟ್ಟ ಪುಟಗಳನ್ನು ಅವರ ಮುಂದಿಟ್ಟು ಸರಿಮಾಡಲು ಹೇಳೋಣ, ಉತ್ತರವನ್ನು ಕನ್ನಡದಲ್ಲಿ ವಿವರಿಸಲು ಹೇಳಿ, ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳುವ ಅಭ್ಯಾಸ ಮಾಡಿಸೋಣ. ಅವರಿಗೆ ಪರೀಕ್ಷೆಯ ಭಯ ಹೋಗುತ್ತದೆ. ಪ್ರಶ್ನೆ ಕೇಳುವ ನಮಗೆ, ನಮಗೆ ತಿಳಿಯದ ದಾರಿಯಿಂದಲೂ ಸರಿಯುತ್ತರ ಬರಬಹುದೆಂಬ ಅರಿವು ಉಳಿಯುತ್ತದೆ. ಮೊದಲ ಭಾನುವಾರ ಬರಲು ನಾನು ಸಿದ್ಧನಿದ್ದೇನೆ.